ಮೇ ತಿಂಗಳಲ್ಲಿ ಬೂಷ್ಟು: ಹಳೆಯ ಪುಸ್ತಕಗಳ ದೋಷ ಪತ್ತೆ ಮತ್ತು ನಿವಾರಣೆ

ಕಲಬುರಗಿಯ ಮೇ ತಿಂಗಳು. ಹೊರಗೆ 43 ಡಿಗ್ರಿ. ಹಗ್ಗಕ್ಕೆ ಹಾಕಿದ ಹಸಿ ಧೋತರ ಅರ್ಧ ತಾಸಿನಲ್ಲಿ ಹಪ್ಪಳದಂತಾಗುವ ಬಿಸಿಲು. ಅಂಥ ಒಂದು ದಿನ ನಮ್ಮ ಗ್ರಂಥಾಲಯದ ಹಳೆಯ ಪುಸ್ತಕಗಳ ಅಲಮಾರಿ ತೆಗೆದಾಗ ಮೂಗಿಗೆ ಬಡಿದದ್ದು ಹಸಿ ಗೋಣಿಚೀಲದ ವಾಸನೆ. ಕೆಳಗಿನಿಂದ ಎರಡನೇ ಸಾಲಿನಲ್ಲಿ 11 ಪುಸ್ತಕಗಳ ಬೆನ್ನಿನ ಮೇಲೆ ಬೂದು ಹಸಿರು ಬೂಷ್ಟು. ಮೇಲಿನ ಮೂರು ಸಾಲುಗಳು ಸ್ವಚ್ಛ.

“ಹೋದ ಮಳಿಗಾಲದ್ದೇ ಇರಬೇಕ್ರಿ ಮೇಡಂ, ನಮ್ಮ ಕಣ್ಣಿಗೆ ಈಗ ಬಿದ್ದದ” ಎಂದರು ನಮ್ಮ ಅಟೆಂಡರ್ ಕಾಕಾ. ನನಗೂ ಹಾಗೇ ಅನ್ನಿಸಿತು. ಬ್ರಷ್ ತೊಗೊಂಡು ಒರೆಸಿದೆ, ಮೂಲೆಗೆ ನಾಲ್ಕು ಡಾಂಬರ್ ಗುಳಿಗೆ ಇಟ್ಟು ಬಾಗಿಲು ಹಾಕಿದೆ. 12 ದಿನಕ್ಕೆ ಬೂಷ್ಟು ಮತ್ತೆ ಅಲ್ಲೇ, ಅದೇ ಸಾಲಿನಲ್ಲಿ ಹಾಜರ್.

ಮೊದಲ ಸಲವೇ ನೋಡಬೇಕಿದ್ದ ಒಂದು ಗುರುತನ್ನು ನಾನು ನೋಡಿರಲಿಲ್ಲ. ಸತ್ತು ಒಣಗಿದ ಬೂಷ್ಟು ಬ್ರಷ್ ತಾಗಿದರೆ ಹುಡಿಯಾಗಿ ಉದುರುತ್ತದೆ. ಜೀವಂತ ಬೂಷ್ಟು ಬ್ರಷ್ಷಿಗೆ ಮೆತ್ತಿ, ಬಟ್ಟೆಯ ಮೇಲೆ ಜಿಡ್ಡಿನ ಗೆರೆ ಎಳೆಯುತ್ತದೆ. ನಮ್ಮದು ಗೆರೆ ಎಳೆದಿತ್ತು. ಅಂದರೆ ಅದಕ್ಕೆ ನೀರು ಸಿಗುತ್ತಿರುವುದು ಈಗ, ಇದೇ ಬೇಸಿಗೆಯಲ್ಲಿ. ಆದರೆ ಮಾಳಿಗೆ ಒಣಗಿದೆ, ಗೋಡೆ ಮುಟ್ಟಿದರೆ ಬೆಚ್ಚಗಿದೆ, ಆ ಕೋಣೆಯಲ್ಲಿ ನಲ್ಲಿಯೇ ಇಲ್ಲ.

ತೇವಾಂಶ ಅಳೆಯುವ ಚಿಕ್ಕ ಡಿಜಿಟಲ್ ಮೀಟರನ್ನು ಆ ಸಾಲಿನಲ್ಲೇ ಇಟ್ಟು ಮೂರು ದಿನ ಬರೆದುಕೊಂಡೆ. ಬೆಳಿಗ್ಗೆ 10ಕ್ಕೆ ಶೇ 71, ಸಂಜೆ 5ಕ್ಕೆ ಶೇ 79. ಅದೇ ಮೀಟರ್ ಹೊರಗಿನ ಪಡಸಾಲೆಯಲ್ಲಿ 22 ತೋರಿಸಿತು. ಹಾಗಾದರೆ ಕಳ್ಳ ಕೋಣೆಯ ಒಳಗೇ ಇದ್ದಾನೆ. ತಿರುಗಿ ನೋಡಿದರೆ ಎದುರಿಗೇ ಇದ್ದ: ಏರ್ ಕೂಲರ್. ಏಪ್ರಿಲ್‌ನಲ್ಲಿ ತಂದದ್ದು, ದಿನಕ್ಕೆ ನಾಲ್ಕು ಕೊಡ ನೀರು ಕುಡಿಯುತ್ತಿತ್ತು. ಅಲಮಾರಿಯ ಬಾಗಿಲಿಗೆ ಗಾಳಿಯಾಡಲೆಂದು ಕೆಳಗೆ ಜಾಲಿ ಇದೆ. ಕೂಲರಿನ ಮುಖ ನೇರ ಆ ಜಾಲಿಗೆ. ಕೋಣೆಯ ಎರಡೂ ಕಿಟಕಿ ಬಂದ್.

“ಬಿಸಿಗಾಳಿ ಒಳಗ ಬರ್ತದ್ರಿ ಮೇಡಂ, ಅದಕ್ಕ ಕಿಡಕಿ ಹಾಕೀನಿ.”

ಕಾಕಾ ಅವರ ತಪ್ಪೇನಿಲ್ಲ, ಏಸಿ ಹಾಕಿದ ಕೋಣೆಯಲ್ಲಿ ಹಾಗೇ ಮಾಡಬೇಕು. ಆದರೆ ಕೂಲರ್ ಏಸಿಯಲ್ಲ. ಅದು ನೀರನ್ನು ಆವಿ ಮಾಡಿ ಗಾಳಿ ತಂಪು ಮಾಡುತ್ತದೆ. ಆ ಹಸಿ ಗಾಳಿ ಹೊರಹೋಗಲು ದಾರಿ ಇಲ್ಲದಿದ್ದರೆ ನಾಲ್ಕು ಕೊಡ ನೀರೂ ಕೋಣೆಯಲ್ಲೇ ಉಳಿಯುತ್ತದೆ. ಕಾಗದ, ಬಟ್ಟೆ, ಚರ್ಮ ಅದನ್ನು ಹೀರಿಕೊಳ್ಳುತ್ತವೆ. ತೇವಾಂಶ ಶೇ 65 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿನ ಬೀಜಕಣಗಳು ಮೊಳೆಯುತ್ತವೆ. ಬೀಜಕಣ ಎಲ್ಲ ಪುಸ್ತಕದ ಮೇಲೂ ಯಾವಾಗಲೂ ಇರುತ್ತದೆ. ಒರೆಸಿ ಅದನ್ನು ಮುಗಿಸಲು ಆಗುವುದಿಲ್ಲ. ಕೈಯಲ್ಲಿರುವುದು ನೀರನ್ನು ನಿಲ್ಲಿಸುವುದು ಒಂದೇ.

ಕೂಲರನ್ನು ಓದುವ ಕೋಣೆಗೆ ಸಾಗಿಸಿದೆವು. 11 ಪುಸ್ತಕಗಳನ್ನು ಬೇರೆ ಕೋಣೆಯಲ್ಲಿ, ನೆರಳಲ್ಲಿ, ಪುಟಗಳು ಬೀಸಣಿಗೆಯಂತೆ ತೆರೆದುಕೊಳ್ಳುವಂತೆ ನಿಲ್ಲಿಸಿದೆವು. ಫ್ಯಾನ್ ಹಚ್ಚಿದೆವು, ಗೋಡೆಯ ಕಡೆ ಮುಖ ಮಾಡಿ. ಗಾಳಿ ನೇರ ಪುಸ್ತಕಕ್ಕೆ ಬಡಿದರೆ ಬೀಜಕಣ ಊರೆಲ್ಲ ಹಂಚಿಕೆಯಾಗುತ್ತದೆ. ಬೂಷ್ಟು ಪೂರ್ತಿ ಒಣಗಿ ಹುಡಿಯಾದ ಮೇಲೆಯೇ, ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು, ತೆರೆದ ಪಡಸಾಲೆಯಲ್ಲಿ, ನಮ್ಮಿಂದ ಆಚೆ ಮುಖ ಮಾಡಿ ಮೆತ್ತನೆ ಬ್ರಷ್ಷಿನಿಂದ ತೆಗೆದೆವು. ಕಲೆ ಉಳಿಯಿತು. ಉಳಿಯಲಿ. ಬ್ಲೀಚ್ ಹಾಕಿ ಕಲೆ ತೆಗೆಯಲು ಹೋದವರು ಕಾಗದದ ಬಲವನ್ನೂ ತೆಗೆದಿದ್ದಾರೆ.

“ಮಾಳಿಗಿ ಮ್ಯಾಲ ಬಿಸಿಲಿಗೆ ಹಾಕ್ರಿ, ಒಂದು ದಿನಕ್ಕ ಎಲ್ಲಾ ಹೋಗ್ತದ” ಎಂದವರು ಒಬ್ಬಿಬ್ಬರಲ್ಲ. ಪುಸ್ತಕವೇನು ಸಂಡಿಗೆಯೇ? ನಮ್ಮ ಬಿಸಿಲಿಗೆ ಒಂದು ಮಧ್ಯಾಹ್ನದಲ್ಲಿ ರಟ್ಟು ಡೊಂಕಾಗುತ್ತದೆ, ಚರ್ಮ ಬಿರಿಯುತ್ತದೆ, ಬೆನ್ನಿನ ಅಂಟು ಬಿಡುತ್ತದೆ.

ಕೈಯಲ್ಲಿ ಇರಬೇಕಾದದ್ದು

ಹೆಚ್ಚೇನೂ ಬೇಡ. ಒಂದು ಟಾರ್ಚ್, 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, ಬಿಳಿ ಹಾಳೆ, ಮೆತ್ತನೆ ಬ್ರಷ್, ತೇವಾಂಶದ ಮೀಟರ್. ಟಾರ್ಚನ್ನು ಪುಟದ ಮೇಲಿಂದ ಬಿಡಬೇಡಿ; ಪಕ್ಕಕ್ಕೆ ಹಿಡಿದು ಬೆಳಕನ್ನು ಪುಟದ ಮೇಲೆ ಅಡ್ಡಲಾಗಿ ಹರಿಸಿ. ಕೆರೆದ ಗುರುತು, ಉಬ್ಬು, ಹಳೆಯ ತೇಪೆ ಎಲ್ಲ ಆಗ ನೆರಳು ಬಿಟ್ಟು ಎದ್ದು ಕಾಣುತ್ತವೆ.

ಅಗ್ಗದ ಮೀಟರ್ ಸುಳ್ಳು ಹೇಳುವುದುಂಟು. ಅದನ್ನು ಪರೀಕ್ಷಿಸಲು ಅಡಿಗೆಮನೆಯ ಉಪ್ಪು ಸಾಕು. ಬಾಟಲಿಯ ಮುಚ್ಚಳದಲ್ಲಿ ಉಪ್ಪು ತುಂಬಿ, ಕೆಸರಿನಂತಾಗುವಷ್ಟೇ ನೀರು ಹನಿಸಿ. ಆ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೀಟರ್ ಶೇ 75 ತೋರಿಸಬೇಕು. 70 ತೋರಿಸಿದರೆ ಮುಂದಿನ ಎಲ್ಲ ಓದಿಗೂ 5 ಕೂಡಿಸಿ. ನಮ್ಮ ಮೀಟರ್ 3 ಕಡಿಮೆ ತೋರಿಸುತ್ತಿತ್ತು. ಮೇಲೆ ಬರೆದದ್ದು ಸರಿಪಡಿಸಿದ ಅಂಕಿಗಳು.

ತೂತು, ಹುಡಿ, ಮಣ್ಣು

“ಹುಳ ಹತ್ಯಾದ” ಎನ್ನುವುದು ದೂರು ಅಷ್ಟೇ. ಯಾವ ಹುಳ ಎನ್ನುವುದು ಗೊತ್ತಾಗದೆ ಔಷಧ ಹುಡುಕಬೇಡಿ.

ಪುಟದ ಮೇಲ್ಮೈ ಕೆರೆದು ತೆಳುವಾಗಿದ್ದರೆ, ಅಂಚು ಅಂಕುಡೊಂಕಾಗಿ ತಿಂದಿದ್ದರೆ, ಬಟ್ಟೆ ಬೈಂಡಿನ ಗಂಜಿ ನೆಕ್ಕಿದಂತಿದ್ದರೆ ಅದು ಬೆಳ್ಳಿಮೀನು ಹುಳ. ಕಂದು ಚುಕ್ಕಿ, ಬಳಿದಂಥ ಕಲೆ, ಜೊತೆಗೆ ಕೆಟ್ಟ ವಾಸನೆ ಇದ್ದರೆ ಜಿರಳೆ. ಪುಟ ತೆರೆದಾಗ ಸಾಸಿವೆಗಿಂತ ಸಣ್ಣ ತಿಳಿ ಚುಕ್ಕಿಗಳು ಓಡಾಡಿದರೆ ಅವು ಪುಸ್ತಕದ ಹೇನು. ಅವು ಪುಸ್ತಕಕ್ಕೆ ಹೆಚ್ಚು ಕೇಡು ಮಾಡುವುದಿಲ್ಲ, ಕೋಣೆ ಹಸಿಯಾಗಿದೆ ಎಂದು ಚಾಡಿ ಹೇಳುತ್ತವೆ. ಕೋಣೆ ಒಣಗಿಸಿದರೆ ಹೋಗುತ್ತವೆ.

ಸೂಜಿಯಿಂದ ಚುಚ್ಚಿದಂಥ ದುಂಡು ತೂತು, ಒಂದು ಪುಟದಿಂದ ಹತ್ತಾರು ಪುಟ ದಾಟಿದ ಸುರಂಗ, ಕೆಳಗೆ ಹಿಟ್ಟಿನಂಥ ಹುಡಿ ಇದ್ದರೆ ಅದು ದುಂಬಿಯ ಮರಿಯ ಕೆಲಸ. ಇಲ್ಲಿ ಕೇಳಬೇಕಾದ ಪ್ರಶ್ನೆ: ಹುಳ ಈಗ ಇದೆಯೋ, ತಿಂದು ಹೋಗಿ ವರ್ಷಗಳಾದವೋ? ಹುಡಿಯನ್ನೆಲ್ಲ ಬ್ರಷ್ಷಿನಿಂದ ತೆಗೆದು, ಪುಸ್ತಕವನ್ನು ಬಿಳಿ ಹಾಳೆಯ ಮೇಲಿಟ್ಟು, ಎರಡು ವಾರ ಅಲುಗಾಡಿಸದೆ ಬಿಡಿ. ಹಾಳೆಯ ಮೇಲೆ ಹೊಸ ಹುಡಿ ಬಿದ್ದರೆ ಹುಳ ಒಳಗಿದೆ. ಬೀಳದಿದ್ದರೆ ಔಷಧದ ಖರ್ಚು ಉಳಿಯಿತು.

ಬೀದರ್ ಕಡೆಯ ಒಂದು ಮನೆಯಲ್ಲಿ ತತ್ವಪದಗಳ ಕೈಬರಹದ ವಹಿಗಳಿದ್ದವು, ಕೆಂಪು ಬಟ್ಟೆಯ ಬಸ್ತಾದಲ್ಲಿ. ಎರಡು ಸಲ ಸ್ವಚ್ಛ ಮಾಡಿದರೂ ಹುಡಿ ಮತ್ತೆ ಬೀಳುತ್ತಿತ್ತು. ಹುಡಿಯಲ್ಲಿ ಸಿಕ್ಕ ದುಂಬಿಯನ್ನು ಭೂತಗನ್ನಡಿಯಲ್ಲಿ ನೋಡಿದೆ: ಕೆಂಗಂದು ಬಣ್ಣ, ತಲೆ ಕೆಳಗೆ ಬಾಗಿಸಿದ ಗೂನು ಬೆನ್ನು. ಪುಸ್ತಕ ಬಿಟ್ಟು ಆ ಮನೆಯ ಯಜಮಾನತಿಯನ್ನು ಕೇಳಿದೆ, “ಅವ್ವಾ, ಈ ಗ್ವಾಡಿ ಆಚೆ ಏನ ಇಟ್ಟೀರಿ?” ಉಗ್ರಾಣ. ಅಲ್ಲಿ ಒಣಮೆಣಸಿನಕಾಯಿಯ ಎರಡು ಚೀಲ. ಕೈಹಾಕಿದರೆ ಕಾಯಿ ಕಾಯಿಗೂ ತೂತು. ತಂಬಾಕು, ಒಣಮೆಣಸಿನಕಾಯಿ, ಅರಿಸಿನ ತಿನ್ನುವ ಈ ದುಂಬಿ ಗಂಜಿ ಅಂಟಿನ ಪುಸ್ತಕವನ್ನೂ ಬಿಡುವುದಿಲ್ಲ. ಚೀಲ ಹೊರಗೆ ಹೋಯಿತು, ವಹಿಗಳು ಫ್ರೀಜರಿಗೆ ಹೋದವು.

ಫ್ರೀಜರ್ ಎಂದರೆ ಐಸ್‌ಕ್ರೀಮ್ ಇಡುವ ಪೆಟ್ಟಿಗೆ ಫ್ರೀಜರ್. ಒಣ ಪುಸ್ತಕವನ್ನು ತೆಳು ಕಾಗದದಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಭದ್ರ ಮಾಡಿ. ಮೈನಸ್ 18ರಿಂದ 20 ಡಿಗ್ರಿಯಲ್ಲಿ ಎರಡು ವಾರ. ಮೊದಲು ಫ್ರಿಜ್ಜಿನಲ್ಲಿಟ್ಟು ನಿಧಾನಕ್ಕೆ ತಣಿಸಬೇಡಿ, ಹುಳಕ್ಕೆ ಚಳಿ ರೂಢಿಯಾಗುತ್ತದೆ. ಒಮ್ಮೆಲೇ ಚಳಿ ಬಡಿಯಬೇಕು. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಗಾಳಿಯ ನೀರು ತಣ್ಣನೆ ಪುಟಕ್ಕೆ ಕೂಡುತ್ತದೆ. ನಡುವೆ ಕರೆಂಟ್ ಹೋಗಿ ಫ್ರೀಜರ್ ಕರಗಿದರೆ ಎಣಿಕೆ ಮತ್ತೆ ಒಂದರಿಂದ. ನಮ್ಮ ಕಡೆ ಇದನ್ನು ಬೇಸಿಗೆಯಲ್ಲಿ ಮಾಡದಿರುವುದೇ ಮೇಲು.

ಗೆದ್ದಲಿನ ಕಥೆ ಬೇರೆ. ಅದು ಪುಸ್ತಕದಲ್ಲಿ ವಾಸ ಮಾಡುವುದಿಲ್ಲ, ನೆಲದಿಂದ ಬಂದು ತಿಂದು ಹೋಗುತ್ತದೆ. ನಮ್ಮ ಎರೆ ಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುತ್ತದೆ, ಅದರ ಜೊತೆ ಅಡಿಪಾಯವೂ ಬಿರುಕು ಬಿಡುತ್ತದೆ. ಶಹಾಬಾದ್ ಫರಸಿಯ ಕಲ್ಲಿನಲ್ಲಿ ಗೆದ್ದಲು ತೂರುವುದಿಲ್ಲ. ಕಲ್ಲು ಕಲ್ಲಿನ ನಡುವಿನ ಸಂದಿಯಲ್ಲಿ ಸಿಮೆಂಟ್ ಉದುರಿದ ಕಡೆ ಬೇಕಾದಷ್ಟು ದಾರಿ. ಗೋಡೆಯ ಬುಡದಲ್ಲಿ, ಅಲಮಾರಿಯ ಹಿಂದೆ ಮಣ್ಣಿನ ಗೆರೆ ಹುಡುಕಿ. ಸಿಕ್ಕರೆ ನಡುವೆ ಒಂದು ಬೆರಳಗಲ ಒಡೆದು ಎರಡು ದಿನ ಬಿಟ್ಟು ನೋಡಿ. ಮತ್ತೆ ಕಟ್ಟಿಕೊಂಡಿದ್ದರೆ ದಾರಿ ಚಾಲೂ ಇದೆ. ಔಷಧ ನೆಲಕ್ಕೆ, ಅದೂ ಪರವಾನಗಿ ಇದ್ದವರ ಕೈಯಿಂದ. ಪುಸ್ತಕಕ್ಕೆ ಒಂದು ಹನಿಯೂ ಬೇಡ. ಅಲಮಾರಿಯನ್ನು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದ ಅರ್ಧ ಗೇಣು ಮೇಲೆ ಇಟ್ಟರೆ ಮುಂದಿನ ಸಲ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ.

ಬೇವಿನೆಲೆ, ಬಜೆ, ಲವಂಗ ಇಡುವ ರೂಢಿಯನ್ನು ನಾನು ತಡೆಯುವುದಿಲ್ಲ. ವಾಸನೆಗೆ ಹುಳ ಸ್ವಲ್ಪ ದೂರ ಉಳಿಯಬಹುದು, ಒಳಹೊಕ್ಕ ಮರಿ ಸಾಯುವುದಿಲ್ಲ. ಹಸಿ ಬೇವಿನ ಸೊಪ್ಪನ್ನು ಪುಟಗಳ ನಡುವೆ ಇಟ್ಟರೆ ಮಾತ್ರ ಹುಳದ ಬದಲು ಬೂಷ್ಟಿಗೆ ಕರೆ ಕೊಟ್ಟಂತೆ. ಅರಬ್ಬಿ, ಪರ್ಷಿಯನ್ ಹಸ್ತಪ್ರತಿಗಳ ಮೊದಲ ಪುಟದಲ್ಲಿ ಕೆಲವೊಮ್ಮೆ ‘ಯಾ ಕಬೀಕಜ್’ ಎಂದು ಬರೆದಿರುತ್ತದೆ, ಹುಳಗಳ ಒಡೆಯನಿಗೆ ಮಾಡಿಕೊಂಡ ಮೊರೆ. ನಾನು ನೋಡಿದ ಒಂದು ಪ್ರತಿಯಲ್ಲಿ ತೂತು ಸರಿಯಾಗಿ ಆ ಅಕ್ಷರಗಳ ನಡುವೆಯೇ ಹಾದುಹೋಗಿತ್ತು.

ಹಾಳೆ ಮುರಿಯುತ್ತಿದೆ

ಇದರಲ್ಲಿ ಎರಡು ಬೇರೆ ಬೇರೆ ದೋಷಗಳು ಒಂದೇ ವೇಷ ಹಾಕಿಕೊಂಡು ಬರುತ್ತವೆ. ಒಂದು ಬರೀ ಒಣಗಿದ ಕಾಗದ, ಇನ್ನೊಂದು ಆಮ್ಲ ತಿಂದ ಕಾಗದ.

ನಮ್ಮ ಏಪ್ರಿಲ್, ಮೇ ಗಾಳಿಯಲ್ಲಿ ಒಳ್ಳೆಯ ಕಾಗದವೂ ಗರಿಗರಿ ಶಬ್ದ ಮಾಡುತ್ತದೆ. ಆ ಪುಸ್ತಕವನ್ನೇ ಆಗಸ್ಟ್‌ನಲ್ಲಿ ತೆರೆಯಿರಿ; ಬಾಗಿದರೆ, ಮೆತ್ತಗಾಗಿದ್ದರೆ, ಅದಕ್ಕೆ ರೋಗವಿಲ್ಲ. ಬೇಸಿಗೆಯಲ್ಲಿ ಅದನ್ನು ಪೂರ್ತಿ ಬಿಚ್ಚಿ ಒತ್ತದೆ, ಎರಡೂ ಬದಿಗೆ ಆಸರೆ ಕೊಟ್ಟು ಓದಿದರೆ ಸಾಕು. ಆಗಸ್ಟ್‌ನಲ್ಲೂ ಮೂಲೆ ಮುಟ್ಟಿದರೆ ಬಿಸ್ಕತ್ತಿನಂತೆ ಮುರಿದರೆ ಅದು ಆಮ್ಲ. ಪುಟದ ಅಂಚು ಕಂದು, ನಡುಭಾಗ ತುಸು ಬೆಳ್ಳಗೆ ಇರುವುದೂ ಅದರದೇ ಗುರುತು.

ವಯಸ್ಸು ನೋಡಿ ಮೋಸ ಹೋಗಬೇಡಿ. ಚಿಂದಿ ಬಟ್ಟೆಯ ನಾರಿನಿಂದ ಕೈಯಲ್ಲಿ ಮಾಡಿದ 200 ವರ್ಷದ ಕಾಗದ ಇಂದಿಗೂ ಬಾಗುತ್ತದೆ. 1940ರ ದಶಕದ ಅಚ್ಚಿನ ಪುಸ್ತಕ ಅದರ ಪಕ್ಕದಲ್ಲೇ ಪುಡಿಯಾಗುತ್ತಿರುತ್ತದೆ. 19ನೇ ಶತಮಾನದ ನಡುವಿನಿಂದ ಕಾಗದಕ್ಕೆ ಮರದ ತಿರುಳು ಬಂತು, ಮಸಿ ಹರಡದಂತೆ ಪಟಕ ಮತ್ತು ರಾಳ ಹಾಕುವುದು ರೂಢಿಯಾಯಿತು. ಆ ಪಟಕವೇ ನಿಧಾನವಾಗಿ ಆಮ್ಲವಾಗಿ ನಾರನ್ನು ಕತ್ತರಿಸುತ್ತದೆ. ಹೊರಗಿನಿಂದ ಬರುವ ಆಮ್ಲವೂ ಇದೆ. ಒಂದು ಪುಸ್ತಕದಲ್ಲಿ ಯಾರೋ ಗುರುತಿಗೆಂದು ಹಳೆಯ ಬಸ್ ಟಿಕೀಟು ಇಟ್ಟಿದ್ದರು. ಟಿಕೀಟು ಎತ್ತಿದೆ: ಎರಡೂ ಪುಟಗಳ ಮೇಲೆ ಅದೇ ಅಳತೆಯ ಕಂದು ಚೌಕ, ಟಿಕೀಟಿನ ಹರಿದ ಅಂಚಿನ ಸಮೇತ.

ಸುಣ್ಣದ ತಿಳಿನೀರಿನಂಥ ಕ್ಷಾರದಲ್ಲಿ ತೊಳೆದು ಆಮ್ಲ ಇಳಿಸುವ ವಿಧಾನ ಇದೆ. ಅದಕ್ಕೆ ಹೊಲಿಗೆ ಬಿಚ್ಚಬೇಕು, ಮಸಿ ನೀರಿಗೆ ನಿಲ್ಲಬೇಕು, ತರಬೇತಿ ಬೇಕು. ಅಷ್ಟಾದರೂ ಮುಂದಿನ ಸವೆತ ತಡೆಯುತ್ತದೆಯೇ ಹೊರತು ಹೋದ ಬಲ ಮರಳುವುದಿಲ್ಲ. ನಮ್ಮ ಮಟ್ಟದಲ್ಲಿ ಮಾಡಬಹುದಾದದ್ದು: ಆಮ್ಲರಹಿತ ಕಾಗದದ ಹೊದಿಕೆ, ಅದರದೇ ಪೆಟ್ಟಿಗೆ, ಒಮ್ಮೆ ಚೆನ್ನಾಗಿ ಸ್ಕ್ಯಾನ್ ಮಾಡಿ ಮೂಲವನ್ನು ಓದುಗರ ಕೈಗೆ ಕೊಡುವುದನ್ನು ನಿಲ್ಲಿಸುವುದು. ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ, ವೃತ್ತಪತ್ರಿಕೆಯ ಸುತ್ತು ಬೇಡ. ಎರಡೂ ಆಮ್ಲದ ಗಂಟುಗಳು. ಜೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಹಾಕಿ ಒತ್ತುವುದಂತೂ ಬೆನ್ನು ಮುರಿಯುವ ನೇರ ದಾರಿ.

ಅಕ್ಷರದ ಜಾಗದಲ್ಲೇ ತೂತು

ಗೆರೆಗೆರೆಯಾಗಿ, ಅಕ್ಷರದ ಆಕಾರದಲ್ಲೇ ಕಾಗದ ಬಿದ್ದುಹೋಗಿದ್ದರೆ ಹುಳವಲ್ಲ, ಮಸಿ. ಕಬ್ಬಿಣದ ಉಪ್ಪು ಮತ್ತು ಮಾಚಿಕಾಯಿಯಿಂದ ಮಾಡಿದ ಮಸಿ ಆಮ್ಲದ್ದು. ಬರುಬರುತ್ತ ಕಂದಾಗಿ, ಹಾಳೆಯ ಹಿಂದಕ್ಕೆ ಇಳಿದು, ಕೊನೆಗೆ ಕೊರೆಯುತ್ತದೆ. ಹಳೆಯ ಕಚೇರಿ ದಫ್ತರಗಳಲ್ಲಿ ಇದನ್ನು ನೋಡಬಹುದು. ತೇವ ತಾಗಿದರೆ ಕೊರೆತ ಜೋರಾಗುತ್ತದೆ, ಹಾಗಾಗಿ ಇಂಥ ಹಾಳೆಗೆ ನೀರಿನ ಅಂಟಿನ ತೇಪೆ ಹಾಕುವುದು ಅಪಾಯ. ದೀಪದ ಕಾಡಿಗೆಯ ಮಸಿ ಇದಕ್ಕೆ ವಿರುದ್ಧ: ಶತಮಾನ ಕಳೆದರೂ ಕಪ್ಪು ಕಪ್ಪೇ, ಕಾಗದವನ್ನು ತಿನ್ನುವುದಿಲ್ಲ. ಆದರೆ ಅದನ್ನು ಹಿಡಿದಿಟ್ಟಿರುವುದು ಬರೀ ಗೋಂದು, ಒದ್ದೆ ಬೆರಳು ಸಾಕು ಅಳಿಸಲು.

ಪರ್ಷಿಯನ್ ಹಸ್ತಪ್ರತಿಗಳಲ್ಲಿ ಇನ್ನೊಂದು ಬಗೆ. ಬರಹದ ಸುತ್ತ ಹಸಿರು ಚೌಕಟ್ಟಿನ ಗೆರೆ ಇರುತ್ತದೆ. ಅದರ ಬಣ್ಣ ಜಂಗಾರ, ಅಂದರೆ ತಾಮ್ರದ ಕಿಲುಬು. ಆ ಗೆರೆ ಕಾಗದವನ್ನು ಸುಟ್ಟು, ಒಂದು ದಿನ ನಡುವಿನ ಬರಹ ಪೂರ್ತಿ ಕಿಟಕಿಯ ಗಾಜು ಕಳಚಿದಂತೆ ಕೈಗೆ ಬರುತ್ತದೆ. ಹಳೆಯ ಪರ್ಷಿಯನ್ ಕಸಬಿನ ಪಾಠಗಳಲ್ಲಿ ಜಂಗಾರಕ್ಕೆ ಕೇಸರಿ ಬೆರೆಸುವ ಸಲಹೆ ಇದೆ. ಕೇಸರಿ ಈ ಸುಡುವ ಗುಣವನ್ನು ತಗ್ಗಿಸುತ್ತದೆ. ಇಂಥ ಹಾಳೆಯನ್ನು ತಿರುವಬೇಡಿ. ಕೆಳಗೆ ಗಟ್ಟಿ ಹಾಳೆ ತೂರಿಸಿ ಎತ್ತಿ.

ಹಿಂದಿನವರ ರಿಪೇರಿ

ನಿಜ ಹೇಳಬೇಕೆಂದರೆ, ನಮ್ಮ ಅಲಮಾರಿಯಲ್ಲಿ ಹುಳಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಸೆಲೋಟೇಪು. ಪಟ್ಟಿ ಕೆಲವೇ ವರ್ಷಕ್ಕೆ ಕಳಚಿ ಬೀಳುತ್ತದೆ, ಅದರ ಅಂಟು ಕಾಗದದೊಳಗೆ ಇಳಿದು ಹಳದಿ, ಆಮೇಲೆ ಕಂದಾಗುತ್ತದೆ. ಹಳೆಯ ಟೇಪು ಕಂಡರೆ ಎಳೆಯಬೇಡಿ, ಅಕ್ಷರವೂ ಅದರ ಜೊತೆ ಬರುತ್ತದೆ. ತಾನೇ ಬಿದ್ದದ್ದನ್ನು ತೆಗೆಯಿರಿ, ಅಂಟಿಕೊಂಡಿರುವುದನ್ನು ತಜ್ಞರಿಗೆ ಬಿಡಿ.

ಪುಟದ ಮೇಲೆ ತೆಳು ಬಟ್ಟೆಯ ನೇಯ್ಗೆ ಕಂಡರೆ ಅದು ಶಿಫಾನ್ ರಿಪೇರಿ, ಹಾಳೆಗೆ ಬಲ ಕೊಡಲು ತೆಳು ಬಟ್ಟೆ ಅಂಟಿಸಿದ್ದು. ಪ್ಲಾಸ್ಟಿಕ್ ಹೊಳಪಿದ್ದು ವಿನೆಗರ್ ವಾಸನೆ ಬಂದರೆ ಅಸಿಟೇಟ್ ಲ್ಯಾಮಿನೇಷನ್, ಅಂದರೆ ಪುಟಕ್ಕೆ ಹೊದಿಸಿದ ತೆಳು ಪ್ಲಾಸ್ಟಿಕ್ ಹಾಳೆ, ಕೊಳೆಯುತ್ತಿದೆ; ಅಂಥದನ್ನು ಉಳಿದ ಪುಸ್ತಕಗಳಿಂದ ಬೇರೆ ಇಡಿ, ಆ ಆವಿಯೂ ಆಮ್ಲವೇ.

ಬೆನ್ನಿನ ಸಂದಿಯಲ್ಲಿ, ಪುಟಗಳ ಬುಡದಲ್ಲಿ ಬಿಳಿ ಹುಡಿ ಸಿಕ್ಕರೆ ಊದಬೇಡಿ, ಮೂಸಬೇಡಿ. ಹಿಂದೆ ಡಿಡಿಟಿ ಧಾರಾಳವಾಗಿ ಎರಚುತ್ತಿದ್ದರು; ಅಂಟಿಗೆ ಮೈಲುತುತ್ತ, ಕೆಲವು ಕಡೆ ಪಾದರಸದ ವಿಷವನ್ನೂ ಬೆರೆಸುತ್ತಿದ್ದರು. ಕೈಗವಸು, ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಪುಟ ತಿರುವಲು ಬೆರಳಿಗೆ ಎಂಜಲು ಹಚ್ಚುವ ಹಿರಿಯರಿಗೆ ಇದನ್ನು ಮೊದಲು ಹೇಳಿ. ನಾನು ಇಟ್ಟ ಡಾಂಬರ್ ಗುಳಿಗೆಗಳನ್ನೂ ತೆಗೆದುಹಾಕಿದೆ. ಬೂಷ್ಟು ಅವಕ್ಕೆ ಸೊಪ್ಪು ಹಾಕಲಿಲ್ಲ, ತಲೆನೋವು ಬಂದದ್ದು ನಮಗೆ.

ಹರಿದದ್ದನ್ನು ನೀವೇ ಕೂಡಿಸಬೇಕಿದ್ದರೆ: ಮಸಿ ನೀರಿಗೆ ಹರಡುವುದಿಲ್ಲ ಎಂದು ಒಂದು ಮೂಲೆಯಲ್ಲಿ ಖಾತ್ರಿ ಮಾಡಿಕೊಂಡು, ಜಪಾನಿ ಟಿಶ್ಯೂ ಕಾಗದವನ್ನು (ಉದ್ದ ನಾರಿನ, ತೆಳುವಾದರೂ ಗಟ್ಟಿಯಾದ ರಿಪೇರಿ ಕಾಗದ) ನೀರಿನ ಗೆರೆ ಎಳೆದು ಕೈಯಿಂದ ಹರಿದು, ಅಂದೇ ಕುದಿಸಿದ ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ. ಕತ್ತರಿಯಿಂದ ಕತ್ತರಿಸಿದ ಅಂಚು ಗಟ್ಟಿಯಾಗಿ ನಿಂತು, ಪಕ್ಕದ ಹಾಳೆಯನ್ನು ಅಲ್ಲೇ ಮುರಿಯುತ್ತದೆ; ಹರಿದ ಅಂಚಿನ ನಾರು ಕಾಗದದಲ್ಲಿ ಕರಗಿಹೋಗುತ್ತದೆ. ಫೆವಿಕಾಲ್ ಬೇಡ. ಒಮ್ಮೆ ಒಣಗಿದ ಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ.

ನೀರು ಬಿದ್ದಾಗ

ಇಲ್ಲಿ ಪತ್ತೆ ಮಾಡುತ್ತ ಕೂಡಲು ಸಮಯವಿಲ್ಲ. ನಮ್ಮ ಸೆಖೆಯಲ್ಲಿ 48 ತಾಸಿನೊಳಗೆ ಬೂಷ್ಟು ಶುರು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿದಾಗ ಅನೇಕರು ಒದ್ದೆ ಕಾಗದಪತ್ರಗಳನ್ನು ಹಾಗೇ ಗಂಟುಕಟ್ಟಿ ಇಟ್ಟುಬಿಟ್ಟರು, ನೀರು ಇಳಿದ ಮೇಲೆ ನೋಡೋಣ ಎಂದು. ಗಂಟು ಬಿಚ್ಚುವಷ್ಟರಲ್ಲಿ ಅದು ಒಂದೇ ಹೆಂಟೆ. ಒಣಗಿಸಲು ಆಗುವಷ್ಟನ್ನು ಮಾತ್ರ ಹೊರಗಿಡಿ: ಹತ್ತಿಪ್ಪತ್ತು ಪುಟಕ್ಕೊಂದು ಬಿಳಿ ಹೀರುಕಾಗದ, ನೆರಳು, ಗಾಳಿ. ಉಳಿದದ್ದನ್ನು ಪಾಲಿಥೀನಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಿದರೆ ವಾರಗಟ್ಟಲೆ ಸಮಯ ಸಿಗುತ್ತದೆ. ಅಂಟಿಕೊಂಡ ಹೊಳಪಿನ ಪುಟಗಳನ್ನು ಒಣಗಿದ ಮೇಲೆ ಯಾರೂ ಬಿಡಿಸಲಾರರು.

ಬೇರೆಯವರಿಗೆ ಕೊಡುವಾಗ

ತಾಳೆಗರಿ, ಬಣ್ಣದ ಚಿತ್ರವಿರುವ ಹಸ್ತಪ್ರತಿ, ಜಂಗಾರ ಸುಟ್ಟದ್ದು, ಹಳೆಯ ಲ್ಯಾಮಿನೇಷನ್ ಇವುಗಳಿಗೆ ನಾನು ಕೈಹಾಕುವುದಿಲ್ಲ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ, ಕಲೆ ಮತ್ತು ಪರಂಪರೆ ಉಳಿಸಲು ದುಡಿಯುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಪುಸ್ತಕದ ಜೊತೆ ಒಂದು ಚೀಟಿ ಕಳಿಸಿ. ‘ಹಾಳಾಗಿದೆ’ ಎಂದಷ್ಟೇ ಬರೆದರೆ ಅವರಿಗೆ ಉಪಯೋಗವಿಲ್ಲ. ಯಾವ ಸಾಲಿನಲ್ಲಿತ್ತು, ಯಾವ ಗೋಡೆಯ ಕಡೆ, ಮೊದಲು ಯಾವ ತಿಂಗಳಲ್ಲಿ ಕಂಡಿತು, ನಾವು ಏನೇನು ಹಚ್ಚಿದ್ದೇವೆ ಎನ್ನುವುದು ಬೇಕು. ಕೊನೆಯದನ್ನು ಮುಚ್ಚಿಡಬೇಡಿ.

ನಮ್ಮ ಅಲಮಾರಿಯ ಬಾಗಿಲಿಗೆ ಈಗ ಒಂದು ರೂಲು ಹಾಕಿದ ಪುಸ್ತಕ ಕಟ್ಟಿದೆ. ದಿನಕ್ಕೆ ಎರಡು ಸಲ ಮೀಟರ್ ನೋಡಿ ಬರೆಯುವವರು ಕಾಕಾ. ಜೂನ್ 9ರ ಸಾಲಿನಲ್ಲಿ ಅವರ ಅಕ್ಷರ: “ಮುಂಜಾನೆ 44. ಸಂಜಿಗೆ 58. ಮಳಿ ಬಂತು. ಕಿಡಕಿ ಹಾಕೀನಿ, ಈ ಸಲ ಹಾಕಬೇಕು.”